ತೊಳೆದರೂ ಬಿಡದ ಕೆಂಪು

ಹೊಸ ಸೀರೆಯನ್ನು ಮೊದಲ ಬಾರಿ ನೀರಿಗೆ ಹಾಕುವಾಗ ಯಾರಿಗಾದರೂ ಒಂದು ಅಳುಕು ಇದ್ದೇ ಇರುತ್ತದೆ. ಬಣ್ಣ ಬಿಟ್ಟರೆ ಸೀರೆಯ ಜೊತೆಗೆ ಬಕೆಟ್ಟಿನಲ್ಲಿದ್ದ ಬಿಳಿ ಬಟ್ಟೆಗಳೂ ಹಾಳು. ಬಣ್ಣ ತಯಾರಿಸುವುದಕ್ಕಿಂತ ಅದನ್ನು ನೂಲಿನಲ್ಲಿ ನಿಲ್ಲಿಸುವುದೇ ಕಷ್ಟ. ಅದರಲ್ಲೂ ಹತ್ತಿಯ ನೂಲಿನಲ್ಲಿ.

ಉಣ್ಣೆ ಮತ್ತು ರೇಷ್ಮೆ ಪ್ರೋಟೀನಿನ ಎಳೆಗಳು. ಬಣ್ಣದ ಅಣುಗಳನ್ನು ಸೆಳೆದು ಹಿಡಿಯುವ ವಿದ್ಯುದಂಶದ ನೆಲೆಗಳು ಅವುಗಳಲ್ಲಿವೆ. ಸೆಲ್ಯುಲೋಸಿನಿಂದಾದ ಹತ್ತಿಗೆ ಈ ಅನುಕೂಲವಿಲ್ಲ. ಆದರೂ 1920ರ ದಶಕದಲ್ಲಿ ಮೊಹೆಂಜೊದಾರೊ ಉತ್ಖನನದಲ್ಲಿ ದೊರೆತ ಹತ್ತಿ ಬಟ್ಟೆಯ ತುಣುಕಿನಲ್ಲಿ ಮಂಜಿಷ್ಠದ ಜಾತಿಯ ಬೇರಿನ ಕೆಂಪು ನಾಲ್ಕು ಸಾವಿರ ವರ್ಷಗಳ ನಂತರವೂ ಉಳಿದಿತ್ತು.

ಇದರ ಗುಟ್ಟು ಪಟಿಕದಲ್ಲಿದೆ. ಕೋರಮಂಡಲ ತೀರದ ಬಣ್ಣಗಾರರು ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಕೆಂಪು ಬೇಕಾದ ಕಡೆ ಪಟಿಕದ ನೀರಿನಿಂದ, ಕಪ್ಪು ಬೇಕಾದ ಕಡೆ ಕಬ್ಬಿಣದ ದ್ರಾವಣದಿಂದ ಚಿತ್ತಾರ ಬರೆಯುತ್ತಿದ್ದರು. ನಂತರ ಅದನ್ನು ಚಾಯ್ ಬೇರಿನೊಂದಿಗೆ, ಅಂದರೆ ತಮಿಳರ ಸಾಯವೇರಿನೊಂದಿಗೆ, ಕುದಿಸುತ್ತಿದ್ದರು. ಪಟಿಕ ತಾಗಿದ ಗೆರೆಗಳು ಮಾತ್ರ ಗಟ್ಟಿ ಕೆಂಪಾಗುತ್ತಿದ್ದವು. ಉಳಿದ ಕಡೆ ಹತ್ತಿದ ಬಣ್ಣ ಸಗಣಿ ನೀರು ಮತ್ತು ಬಿಸಿಲಿಗೆ ಬಿಟ್ಟುಹೋಗುತ್ತಿತ್ತು.

ಪಟಿಕಕ್ಕೆ ತನ್ನದೇ ಬಣ್ಣವಿಲ್ಲ. ಬೇರಿನಲ್ಲಿರುವ ಅಲಿಜರಿನ್ ಎಂಬ ವಸ್ತುವೂ ತಾನಾಗಿ ಹಳದಿ ಛಾಯೆಯದು. ಹಾಗಾದರೆ ಕೆಂಪು ಎಲ್ಲಿಂದ ಬಂತು? ಉತ್ತರ ಬೆಳಕಿನಲ್ಲಿದೆ. ಬಿಳಿ ಬೆಳಕಿನಲ್ಲಿ ವಸ್ತುವೊಂದು ಹೀರಿಕೊಂಡದ್ದನ್ನು ಕಳೆದು ಉಳಿದದ್ದೇ ಕಣ್ಣಿಗೆ ಕಾಣುವ ಬಣ್ಣ. ಒಂಟಿ ಅಲಿಜರಿನ್ ನೇರಳೆ-ನೀಲಿ ಬೆಳಕನ್ನು, ಸುಮಾರು 430 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನಲ್ಲಿ, ಹೀರುತ್ತದೆ. ಪಟಿಕದ ಅಲ್ಯುಮಿನಿಯಂ ಜೊತೆ ಸೇರಿದಾಗ ಈ ಹೀರಿಕೆ ಹಸಿರಿನ ಕಡೆಗೆ ಸರಿಯುತ್ತದೆ. ಆಗ ಕೆಂಪು ಕಾಣುತ್ತದೆ. ಕಬ್ಬಿಣದ ಜೊತೆ ಸೇರಿದರೆ ಅದೇ ಅಲಿಜರಿನ್ ಕಡುನೇರಳೆಯಾಗುತ್ತದೆ. ಅಲ್ಯುಮಿನಿಯಂ ಒಂದು ಕೈಯಲ್ಲಿ ಎಳೆಯನ್ನೂ ಇನ್ನೊಂದು ಕೈಯಲ್ಲಿ ಬಣ್ಣವನ್ನೂ ಹಿಡಿಯುತ್ತದೆ. ಆದ್ದರಿಂದಲೇ ತೊಳೆದರೂ ಬಣ್ಣ ಬಿಡುವುದಿಲ್ಲ. ಈ ಜೋಡಣೆಯಲ್ಲಿ ಸುಣ್ಣದ ಅಂಶಕ್ಕೂ ಪಾತ್ರವಿದೆ ಎಂಬುದನ್ನು 1963ರಲ್ಲಿ ಕೀಲ್ ಮತ್ತು ಹೇರ್ಟ್ಯೆಸ್ ಎಂಬ ವಿಜ್ಞಾನಿಗಳು ವಿವರಿಸಿದರು.

ಬಣ್ಣ ಬಿಡದ ಈ ಚೀಟಿ ಬಟ್ಟೆಗೆ ಯೂರೋಪು ಮರುಳಾಯಿತು. ಅಲ್ಲಿನ ನೇಕಾರರು ಗಾಬರಿಯಾದರು. ಫ್ರಾನ್ಸ್ 1686ರಿಂದ 1759ರವರೆಗೆ ಅದನ್ನು ನಿಷೇಧಿಸಿತು. ಇಂಗ್ಲೆಂಡ್ 1721ರಲ್ಲಿ ಕಟ್ಟುನಿಟ್ಟಿನ ಕಾನೂನು ತಂದಿತು. ಇನ್ನೊಂದೆಡೆ ಗುಟ್ಟು ತಿಳಿಯುವ ಯತ್ನವೂ ನಡೆದಿತ್ತು. ಕೋರಮಂಡಲದಲ್ಲಿದ್ದ ಜೆಸ್ಯೂಟ್ ಪಾದ್ರಿ ಕೇರ್ದೂ 1742ರಲ್ಲಿ ಈ ವಿಧಾನವನ್ನು ಹಂತ ಹಂತವಾಗಿ ಬರೆದು ಫ್ರಾನ್ಸಿಗೆ ಕಳುಹಿಸಿದರು. ಅವರಿಗೆ ಅದನ್ನು ಹೇಳಿಕೊಟ್ಟವರು ಮತಾಂತರಗೊಂಡಿದ್ದ ಸ್ಥಳೀಯ ಕುಶಲಕರ್ಮಿಗಳು.

1826ರಲ್ಲಿ ಫ್ರಾನ್ಸಿನ ರೋಬಿಕೆ ಮತ್ತು ಕೋಲಿನ್ ಯೂರೋಪಿನ ಮಂಜಿಷ್ಠದ ಬೇರಿನಿಂದ ಅಲಿಜರಿನ್ ಬೇರ್ಪಡಿಸಿದರು. 1868ರಲ್ಲಿ ಜರ್ಮನಿಯ ಗ್ರೇಬ ಮತ್ತು ಲೀಬರ್ಮನ್ ಅದನ್ನು ಕಲ್ಲಿದ್ದಲ ಡಾಂಬರಿನಿಂದ ಸಿಗುವ ಆಂಥ್ರಸೀನಿನಿಂದ ತಯಾರಿಸಿದರು. ಕಾರ್ಖಾನೆಯ ಅಗ್ಗದ ಬಣ್ಣದ ಮುಂದೆ ದಕ್ಷಿಣ ಫ್ರಾನ್ಸಿನ ಬೇರಿನ ಹೊಲಗಳೂ ಉಳಿಯಲಿಲ್ಲ, ಚಾಯ್ ಬೇರು ಅಗೆಯುವವರ ಕಸುಬೂ ಉಳಿಯಲಿಲ್ಲ.

ದ್ರಾವಣವಾದರೆ ಬೆಳಕನ್ನು ಹಾಯಿಸಿ ಹೀರಿಕೆಯನ್ನು ಅಳೆಯಬಹುದು. ಬಟ್ಟೆ ಬೆಳಕನ್ನು ಚದುರಿಸುತ್ತದೆ. 1931ರಲ್ಲಿ ಕುಬೆಲ್ಕಾ ಮತ್ತು ಮುಂಕ್ ಪ್ರತಿಫಲಿಸಿದ ಬೆಳಕಿನಿಂದಲೇ ಹೀರಿಕೆಯನ್ನು ಲೆಕ್ಕ ಹಾಕಲು ಸೂತ್ರ ಕೊಟ್ಟರು. ಇಂದು ಗಿರಣಿಗಳಲ್ಲಿ ಬಣ್ಣದ ಛಾಯೆ ಹೊಂದಿಸಲು ಅದು ನೆರವಾಗುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಪ್ರತಿಫಲನವನ್ನು ಅಳೆದು, ಒಂದು ಎಳೆಯನ್ನೂ ಕತ್ತರಿಸದೆ, ಹಳೆಯ ಕೆಂಪು ಬೇರಿನದೋ ಅರಗಿನಂಥ ಕೀಟಜನ್ಯ ಬಣ್ಣದ್ದೋ ಎಂದು ಊಹಿಸಲಾಗುತ್ತದೆ. ಕೀಟದ ಕೆಂಪು ಸ್ವಲ್ಪ ಉದ್ದದ ತರಂಗಾಂತರದಲ್ಲಿ ಬೆಳಕು ಹೀರುತ್ತದೆ.

ಆದರೆ ಬೇರಿನ ಅಲಿಜರಿನ್ನೂ ಕಾರ್ಖಾನೆಯ ಅಲಿಜರಿನ್ನೂ ಹೀರುವ ಬೆಳಕು ಒಂದೇ. ಅವೆರಡನ್ನು ಬೇರೆ ಮಾಡಲು ಜೊತೆಯಲ್ಲಿರುವ ಇತರ ಅಂಶಗಳನ್ನು ಹುಡುಕಬೇಕಾಗುತ್ತದೆ. ಹಾಲು, ಅಳಲೆ, ಪಟಿಕಗಳ ಹದವನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದವರ ಹೆಸರು ಮಾತ್ರ ಯಾವ ಉಪಕರಣಕ್ಕೂ ಸಿಗುವುದಿಲ್ಲ. ಕೇರ್ದೂ ಪಾದ್ರಿಯ ಹೆಸರು ಚರಿತ್ರೆಯಲ್ಲಿ ಉಳಿದಿದೆ.