ಬೆಂಗಳೂರು ದಂಡಿನ ಶ್ರಮಿಕ ವಸತಿಗಳು

ರಸೆಲ್ ಮಾರುಕಟ್ಟೆಯ ಸುತ್ತಲಿನ ಶಿವಾಜಿನಗರ ಹಾಗೂ ದಂಡು ಪ್ರದೇಶದ ಇತರ ಪೇಟೆಗಳಲ್ಲಿ ದುಡಿಯುವ ಜನರಿಗಾಗಿ ಬೆಳೆದ ಸಾಲುಮನೆ, ವಠಾರ ಮತ್ತು ಬಡಾವಣೆಗಳ ವಾಸ್ತು ಪರಂಪರೆ.

ಹಿನ್ನೆಲೆ

1809ರಲ್ಲಿ ಬ್ರಿಟಿಷ್ ದಂಡು ಬೆಂಗಳೂರಿನಲ್ಲಿ ನೆಲೆಯೂರಿತು. ಅದರ ಬೆನ್ನಿಗೇ ಮದ್ರಾಸ್ ಪ್ರಾಂತ್ಯದಿಂದ ಅಡುಗೆಯವರು, ಅಗಸರು, ಗಾರೆ ಕೆಲಸದವರು, ಸಣ್ಣ ವ್ಯಾಪಾರಿಗಳು ಬಂದರು. ಅಧಿಕಾರಿಗಳು ತೋಟದ ನಡುವಿನ ಬಂಗಲೆಗಳಲ್ಲಿದ್ದರೆ, ಅವರ ಮನೆವಾರ್ತೆ ನಡೆಸಿದವರು ಬ್ಲ್ಯಾಕ್‌ಪಳ್ಳಿಯ ಇಕ್ಕಟ್ಟಾದ ಬೀದಿಗಳಲ್ಲಿದ್ದರು. ಆ ಬ್ಲ್ಯಾಕ್‌ಪಳ್ಳಿಯೇ ಇಂದಿನ ಶಿವಾಜಿನಗರ. ಧರ್ಮರಾಜ ಕೋಯಿಲ್ ಸ್ಟ್ರೀಟ್, ಇಬ್ರಾಹಿಂ ಸಾಹೇಬ್ ಸ್ಟ್ರೀಟ್ ಎಂಬ ಹೆಸರುಗಳಲ್ಲಿ ಆ ಬೆರಕೆ ಬದುಕಿನ ಗುರುತಿದೆ.

ಮನೆಯ ರಚನೆ

ಸಾಲುಮನೆಯ ಮುಂಭಾಗ ಕಿರಿದು, ಉದ್ದ ಹೆಚ್ಚು. ಪಕ್ಕದ ಮನೆಗೂ ಇದಕ್ಕೂ ಒಂದೇ ಗೋಡೆ. ಬೀದಿಗೆ ಜಗಲಿ, ಅದರ ಹಿಂದೆ ನಡುಮನೆ, ಕೊನೆಗೆ ಅಡುಗೆಮನೆ ಮತ್ತು ಬಚ್ಚಲು. ಹಗಲು ಹೊಲಿಗೆಗೋ ವ್ಯಾಪಾರಕ್ಕೋ ಒದಗುವ ಜಗಲಿಯಲ್ಲೇ ರಾತ್ರಿ ಹಾಸಿಗೆ ಬೀಳುತ್ತಿತ್ತು. ಗೋಡೆಗೆ ಮಣ್ಣು ಅಥವಾ ಇಟ್ಟಿಗೆ, ಮಾಡಿಗೆ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚೂ ಕ್ರಮೇಣ ಬಳಕೆಗೆ ಬಂತು. ವಠಾರದಲ್ಲಿ ಒಂದೆರಡು ಕೋಣೆಯ ಬಾಡಿಗೆ ಮನೆಗಳು ಒಂದೇ ಅಂಗಳಕ್ಕೆ ತೆರೆದುಕೊಳ್ಳುತ್ತಿದ್ದವು. ನೀರು, ಕಕ್ಕಸು ಎಲ್ಲರಿಗೂ ಸೇರಿದ್ದು.

ಪ್ಲೇಗ್ ಮತ್ತು ಹೊಸ ಬಡಾವಣೆಗಳು

1898ರ ಪ್ಲೇಗ್ ಈ ಇಕ್ಕಟ್ಟಿನ ಅಪಾಯವನ್ನು ಬಯಲಿಗೆಳೆಯಿತು. ಹೆಂಚಿನ ಸಂದು, ಮಣ್ಣಿನ ಗೋಡೆಯ ಬಿಲಗಳು ಇಲಿಗಳ ನೆಲೆಯಾಗಿದ್ದವು. ಜನದಟ್ಟಣೆ ತಗ್ಗಿಸಲು ಬ್ರಿಟಿಷ್ ರೆಸಿಡೆಂಟ್ ಸ್ಟುವರ್ಟ್ ಫ್ರೇಸರ್ ಹೆಸರಿನ ಫ್ರೇಸರ್ ಟೌನ್ ರೂಪುಗೊಂಡಿತು. ಇಲಿ ನುಗ್ಗದ ಬುನಾದಿ, ಗಾಳಿ ಬೆಳಕು ಆಡುವ ಕೋಣೆಗಳು ಇಲ್ಲಿನ ಯೋಜನೆಯ ತಿರುಳು. ಜೆ.ಎಚ್. ಸ್ಟೀಫನ್ಸ್ 1914ರಲ್ಲಿ ಬೆಂಗಳೂರಿನ ಪ್ಲೇಗ್ ನಿರೋಧಕ ನಗರ ಯೋಜನೆಯ ಬಗ್ಗೆ ಪುಸ್ತಕವನ್ನೇ ಬರೆದರು. ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಗಳು ಮಲ ಹೊರುವ ಕಾರ್ಮಿಕರಿಗಾಗಿ ಬಿಟ್ಟಂಥವು. ನಗರದ ಆರೋಗ್ಯ ನಿಂತದ್ದು ಅವರ ಅವಮಾನಕರ ದುಡಿಮೆಯ ಮೇಲೆ.

ಕೂಲಿಕಾರರ ವಸತಿಗೆಂದೇ ಹಲಸೂರಿನ ಬಳಿ ನಾಕ್ಸ್‌ಪೇಟೆ ಬೆಳೆಯಿತು. ಮುಂದೆ ಎಂಜಿನಿಯರ್ ಡಬ್ಲ್ಯು.ಎಚ್. ಮರ್ಫಿ ಅವರ ಹೆಸರಿನಿಂದ ಅದು ಮರ್ಫಿ ಟೌನ್ ಆಯಿತು.

ಇಂದಿನ ಸ್ಥಿತಿ

1949ರಲ್ಲಿ ದಂಡು ಮತ್ತು ಹಳೆಯ ನಗರದ ಪುರಸಭೆಗಳು ಸೇರಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಅನಂತರ ಹಳೆಯ ನಿವೇಶನಗಳಲ್ಲಿ ಕಾಂಕ್ರೀಟ್ ಮಹಡಿಗಳೆದ್ದು, ಜಗಲಿಗಳು ಅಂಗಡಿಗಳಾಗಿವೆ. 1933ರಲ್ಲಿ ಉದ್ಘಾಟನೆಗೊಂಡ ರಸೆಲ್ ಮಾರುಕಟ್ಟೆಗೆ ಪಾರಂಪರಿಕ ಕಟ್ಟಡವೆಂಬ ಮನ್ನಣೆಯಿದೆ. ಅದನ್ನು ದುಡಿದು ನಡೆಸಿದವರ ಸಾಲುಮನೆಗಳಿಗೂ ನಗರದ ಇತಿಹಾಸದಲ್ಲಿ ಅಷ್ಟೇ ಹಕ್ಕಿದೆ. ಉಳಿದಿರುವ ಮನೆಗಳನ್ನು ಅಳತೆ, ನಕ್ಷೆಗಳೊಂದಿಗೆ ದಾಖಲಿಸುವುದು ತುರ್ತು ಕೆಲಸ.