ಗುಪ್ತ ಚೀಲದ ಲೆಕ್ಕ



ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಕೂಟಗಳಲ್ಲಿ ಒಂದು ಚೀಲ ಕೈಯಿಂದ ಕೈಗೆ ಸಾಗುವುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಯಾರು ಎಷ್ಟು ಹಾಕಿದರೆಂಬುದು ಪಕ್ಕದವರಿಗೂ ತಿಳಿಯದು. ಈ ಸಭೆಯ ಹಣಕಾಸಿನ ಚರಿತ್ರೆಯೆಂದರೆ ಬಹುಪಾಲು ಆ ಚೀಲದ ಚರಿತ್ರೆಯೇ.

1833ರ ಏಪ್ರಿಲ್ 23ರಂದು ಪ್ಯಾರಿಸ್ ನಗರದಲ್ಲಿ ಇಪ್ಪತ್ತು ವರ್ಷದ ಫ್ರೆಡ್ರಿಕ್ ಓಜಾನಮ್ ತಮ್ಮ ಸಂಗಡಿಗರೊಡನೆ ಈ ಸೇವೆಗೆ ತೊಡಗಿದಾಗ ಅವರ ಕೈಯಲ್ಲಿ ಬಂಡವಾಳವೇನೂ ಇರಲಿಲ್ಲ. ಬಡವರ ಮನೆಗಳ ದಾರಿಯನ್ನೂ ಅವರಿಗೆ ಕೊಡಬೇಕಾದ ರೊಟ್ಟಿಯ ಚೀಟಿಗಳನ್ನೂ ಸಿಸ್ಟರ್ ರೋಸಲಿ ರೆಂಡು ಅವರು ಒದಗಿಸಿದರು. 1863ರಲ್ಲಿ ಸಭೆಯು ಮುಂಬಯಿಯಲ್ಲಿ ನೆಲೆಯೂರಿ, ಅಲ್ಲಿಂದ ಭಾರತದ ಧರ್ಮಕೇಂದ್ರಗಳಿಗೆ ಹರಡಿತು. ಸಭೆಯ ನಿಯಮ ಸರಳವಾದುದು: ಬಂದುದಕ್ಕೂ ಕೊಟ್ಟುದಕ್ಕೂ ಲೆಕ್ಕವಿರಬೇಕು, ಹಣವನ್ನು ಕೂಡಿಡಬಾರದು.

ಚೀಲಕ್ಕೆ ಬೀಳುವ ಕಾಸು ಮಾತ್ರ ಕಾಲಕಾಲಕ್ಕೆ ಬದಲಾಯಿತು. ಯಳಂದೂರು ಮೊದಲಿನಿಂದಲೂ ಮೈಸೂರಿಗೆ ಸೇರಿದ್ದಿತು. ಹನೂರನ್ನೊಳಗೊಂಡ ಕೊಳ್ಳೇಗಾಲವಾದರೋ ಕೊಯಮತ್ತೂರು ಜಿಲ್ಲೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಐದು ತಿಂಗಳು ಕಳೆಯುವಷ್ಟರಲ್ಲಿ, 1957ರ ಏಪ್ರಿಲ್ 1ರಂದು, ನಯಾ ಪೈಸೆ ಜಾರಿಗೆ ಬಂದು ನಾಲ್ಕಾಣೆ 25 ಪೈಸೆಯಾಯಿತು. ಆ 25 ಪೈಸೆಯ ನಾಣ್ಯವೂ 2011ರ ಜೂನ್ 30ರ ಬಳಿಕ ಚಲಾವಣೆಯಲ್ಲಿ ಉಳಿಯಲಿಲ್ಲ. ನಾಣ್ಯ ಹೋದರೂ ನಮ್ಮ ಕೈಯ ರೂಢಿ ಸುಲಭವಾಗಿ ಹೋಗದು. ವರ್ಷಗಳ ಹಿಂದೆ ಕೊಟ್ಟಷ್ಟನ್ನೇ ಇಂದೂ ಕೊಟ್ಟರೆ ಪುಸ್ತಕದಲ್ಲಿ ಮೊತ್ತ ಕುಗ್ಗಿದಂತೆ ಕಾಣದು. ಕುಗ್ಗುವುದು ಬಡವರ ಮನೆಯ ಅಕ್ಕಿಯ ಅಳತೆ.

ಈ ಕೊರತೆಯನ್ನು ಹೊರಗಿನವರು ತುಂಬುವರೆಂಬ ಭರವಸೆಗೂ ಮಿತಿಯಿದೆ. ಅನುಕೂಲವುಳ್ಳ ಘಟಕವು ಬಡ ಘಟಕವನ್ನು ಸೋದರಭಾವದಿಂದ ಪೋಷಿಸುವ ಕ್ರಮ ಈ ಸಭೆಯಲ್ಲಿ ದೇಶಗಳ ಗಡಿಯನ್ನೂ ದಾಟಿದೆ. ಆದರೆ 2020ರಲ್ಲಿ ವಿದೇಶಿ ದೇಣಿಗೆಯ ಕಾಯಿದೆ ತಿದ್ದುಪಡಿಯಾದ ಮೇಲೆ, ಹೊರದೇಶದಿಂದ ದೇಣಿಗೆ ಪಡೆದ ಸಂಸ್ಥೆಯು ಅದನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಚಿಕ್ಕ ಘಟಕಕ್ಕೆ ಆಸರೆ ಮತ್ತೆ ತನ್ನ ಚೀಲವೇ.

ಇಂತಹ ಕಾಲದಲ್ಲಿ ಇರುವುದನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟು ಬಡ್ಡಿಯಿಂದ ಸೇವೆ ನಡೆಸೋಣವೆಂಬ ವಿವೇಕ ಸಹಜವಾಗಿಯೇ ಮೂಡುತ್ತದೆ. ಅದರಲ್ಲಿ ದುರುದ್ದೇಶವಿಲ್ಲ. ಆದರೂ ಮಳೆ ಕೈಕೊಟ್ಟ ವರ್ಷ ಹನೂರಿನ ಒಣಭೂಮಿಯ ರೈತನಿಗೂ, ಮಗ್ಗ ನಿಂತ ವಾರ ಕೊಳ್ಳೇಗಾಲದ ನೇಕಾರನಿಗೂ ನೆರವು ಬೇಕಾಗುವುದು ಅಂದೇ. ಬಡ್ಡಿ ಬೆಳೆದ ಮೇಲಲ್ಲ. ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತಿದ್ದ ಪ್ರಭು ಯೇಸು ಬಡ ವಿಧವೆಯ ಎರಡು ಕಾಸನ್ನು ಮೆಚ್ಚಿದರು. ಆಕೆ ನಾಳೆಗೆಂದು ಏನನ್ನೂ ಉಳಿಸಿಕೊಂಡಿರಲಿಲ್ಲ.

ನಿಮ್ಮ ಧರ್ಮಕೇಂದ್ರದಲ್ಲಿ ಈ ಸಭೆಯ ಘಟಕವಿದ್ದರೆ ಅದರ ವಾರ್ಷಿಕ ಲೆಕ್ಕವನ್ನು ಒಮ್ಮೆ ಕೇಳಿ ಓದಿರಿ. ಎಷ್ಟು ಉಳಿಯಿತೆಂದು ನೋಡುವ ಮೊದಲು ಎಷ್ಟು ಮನೆಗಳನ್ನು ಮುಟ್ಟಿತೆಂದು ನೋಡಿರಿ. ಬಳಿಕ ಚೀಲ ನಿಮ್ಮ ಕೈಗೆ ಬಂದಾಗ, ಅಕ್ಕಿಯ ಇಂದಿನ ಬೆಲೆಯನ್ನು ನೆನೆದು ಕೊಡಿರಿ.