ಒಂದೇ 'ಕೊ', ಮೆಮೊರಿಯೊಳಗ ಮೂರು ನಮೂನಿ

ಹುಬ್ಬಳ್ಳಿಯ ಕೊಪ್ಪಿಕರ್ ರೋಡ್ ಹೆಸರನ್ನೇ ತಗೊಳ್ರಿ. ನುಡಿ ಫಾಂಟಿನ ಹಳೇ ಡಿಟಿಪಿ ಫೈಲಿನಾಗ ಅದರ ಮೊದಲ ಅಕ್ಷರ 'ಕೊ' ಮೂರು ತುಂಡು. ಮೊದಲ ತುಂಡಿನ ಸಂಖ್ಯೆ 80, ಅಂದ್ರ ಇಂಗ್ಲಿಷಿನ 'ಪಿ'! ಫಾಂಟ್ ಬದಲಾದ್ರ ಕನ್ನಡವೇ ಮಾಯ.

1991ರ ಯೂನಿಕೋಡ್ 'ಕ'ಕ್ಕೆ 3221 ಎಂಬ ಸ್ವಂತ ಸಂಖ್ಯೆ ಕೊಟ್ಟಿತು. ತಕರಾರು ಮುಗಿಯಲಿಲ್ಲ. ಒತ್ವದ ಚಿಹ್ನೆಯನ್ನು 3274 ಅಂತ ಒಂದೇ ಸಂಖ್ಯೆಯಾಗಿ ಇಡಬಹುದು. 3270, 3266 ಅಂತ ಎರಡಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಆದರೆ ಸಾಫ್ಟ್‌ವೇರ್ ಟೆಸ್ಟ್ ಕಣ್ಣಿಂದ ಓದಂಗಿಲ್ರಿ, ಮೆಮೊರಿಯ ಬೈಟ್ ಹೋಲಿಸಿ ಫೇಲ್ ಅಂತದ. ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ನಿಯಮ ಯೂನಿಕೋಡ್‌ನಲ್ಲೇ ಇದೆ. ಅದನ್ನು ಬಳಸದ ಸಾಫ್ಟ್‌ವೇರಿನಾಗ ಕೊಟ್ರೇಶ ಅಂತ ಹುಡುಕಿದ್ರ, ಹೆಸರು ಯಾದಿಯಲ್ಲೇ ಇದ್ದರೂ 'ಸಿಗಲಿಲ್ಲ' ಅಂತ ಬರ್ತದ.